ಕಾರಿನ ಗಾಜು ಒಡೆದಿದೆ, ಕ್ಲೇಮ್ ಮಾಡಬೇಕಾ? ಮೊದಲು ಈ ಲೆಕ್ಕ ಹಾಕಿ

ನಾನು ದಾವಣಗೆರೆಯಲ್ಲಿ ವಾಹನ ವಿಮೆ ಮಾಡಿಸಿಕೊಡುತ್ತೇನೆ. ಗಾಜು ಒಡೆಯಿತು ಅನ್ನುವ ಫೋನ್ ನನಗೆ ವರ್ಷಪೂರ್ತಿ ಬರುತ್ತಲೇ ಇರುತ್ತದೆ. ಹೈವೇಯಲ್ಲಿ ಟಿಪ್ಪರ್‌ನಿಂದ ಸಿಡಿದ ಜಲ್ಲಿ, ಬೀದಿ ಹುಡುಗರ ಕ್ರಿಕೆಟ್ ಬಾಲು, ತೆಂಗಿನ ಮರದ ಕೆಳಗೆ ನಿಲ್ಲಿಸಿದ ಕಾರು. "ಅಕ್ಕಾ, ಫುಲ್ ಇನ್ಶೂರೆನ್ಸ್ ಇದೆಯಲ್ಲ, ಕ್ಲೇಮ್ ಹಾಕಿಬಿಡಿ" ಅನ್ನುತ್ತಾರೆ. ಸ್ವಲ್ಪ ತಡೆಯಿರಿ, ಪಾಲಿಸಿಯ ಮೊದಲ ಪುಟದ ಫೋಟೊ ಕಳಿಸಿ, ಗ್ಯಾರೇಜಿನಲ್ಲಿ ಎಸ್ಟಿಮೇಟ್ ತಗೊಳ್ಳಿ ಅನ್ನುತ್ತೇನೆ. ಈ ಎರಡು ಕೈಯಲ್ಲಿದ್ದರೆ ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಅದಕ್ಕೂ ಮೊದಲು ಕಾರಿನ ಹತ್ತಿರ ಮಾಡುವ ಕೆಲಸ ಒಂದಿಷ್ಟಿದೆ. ಏನನ್ನೂ ಗುಡಿಸುವ ಮುಂಚೆ ಫೋಟೊ ತೆಗೆಯಿರಿ. ನಂಬರ್ ಪ್ಲೇಟ್ ಕಾಣುವಂತೆ ಒಂದು, ಒಡೆದ ಜಾಗದ್ದು ಹತ್ತಿರದಿಂದ ಎರಡು ಮೂರು. ಬಾಗಿಲ ಗಾಜು ಒಡೆದರೆ ಸಣ್ಣ ಹರಳಿನಂತೆ ಪುಡಿಯಾಗುತ್ತದೆ. ಆ ಪುಡಿ ಬಾಗಿಲಿನ ಒಳಗೂ ಇಳಿದಿರುತ್ತದೆ, ಹಾಗಾಗಿ ಪವರ್ ವಿಂಡೋ ಸ್ವಿಚ್ ಒತ್ತಬೇಡಿ. ದಪ್ಪ ಪ್ಲಾಸ್ಟಿಕ್ ಮುಚ್ಚಿ ಟೇಪ್ ಹಾಕಿ. ಮುಂದಿನ ಗಾಜಿನ ಕಥೆ ಬೇರೆ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಅದು ಉದುರುವುದಿಲ್ಲ, ಬಿರುಕು ಬಿಡುತ್ತದೆ. ಬಿಸಿಲಲ್ಲಿ ಕಾದ ಗಾಜಿಗೆ ತಣ್ಣೀರು ಎರಚಿದರೆ, ಎಸಿಯನ್ನು ಜೋರಾಗಿ ಅದರ ಮೇಲೆ ಬಿಟ್ಟರೆ ಬಿರುಕು ಬೆಳೆಯುತ್ತದೆ. ಸಣ್ಣ ಚುಕ್ಕೆಯಷ್ಟೇ ಆಗಿದ್ದರೆ ರೆಸಿನ್ ತುಂಬಿ ಸರಿ ಮಾಡುವವರಿದ್ದಾರೆ, ಬೇಗ ಹೋಗಿ ಮಾಡಿಸಿ.

ಈಗ ಪಾಲಿಸಿ ನೋಡೋಣ. ಬರೀ ಥರ್ಡ್ ಪಾರ್ಟಿ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ ಕೊಡುವ ವಿಮೆ ಇದ್ದರೆ ಗಾಜಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆ ಮೂರು ವರ್ಷಕ್ಕೆ ಒಟ್ಟಿಗೇ ಬರುತ್ತದೆ. ಸ್ವಂತ ಹಾನಿಯ ಭಾಗ, ಅಂದರೆ ಓಡಿ, ಹಲವರಿಗೆ ಒಂದೇ ವರ್ಷದ್ದಿರುತ್ತದೆ. "ಮೂರು ವರ್ಷ ಇದೆ" ಅಂತ ನಂಬಿಕೊಂಡು ಓಡಿ ಮುಗಿದಿರುವುದನ್ನು ಗಮನಿಸದವರು ಬೇಕಾದಷ್ಟಿದ್ದಾರೆ. ಆ ದಿನಾಂಕ ನೋಡಿ.

ಓಡಿ ಚಾಲ್ತಿಯಲ್ಲಿದ್ದರೆ ಕಂಪನಿ ಎಷ್ಟು ಕೊಡುತ್ತದೆ? ಗಾಜಿಗೆ ಸವಕಳಿ ಕಳೆಯುವುದಿಲ್ಲ. ಕಾರು ಎಷ್ಟೇ ಹಳೆಯದಾದರೂ ಗಾಜಿನ ಪೂರ್ತಿ ಬೆಲೆ ಲೆಕ್ಕಕ್ಕೆ ಬರುತ್ತದೆ. ಆದರೆ ಅದರ ಸುತ್ತಲಿನ ರಬ್ಬರ್ ಬೀಡಿಂಗ್‌ಗೆ ಅರ್ಧ ಕಳೆಯುತ್ತಾರೆ, ಸವಕಳಿ ಕಳೆಯದಂತೆ ಹೆಚ್ಚುವರಿಯಾಗಿ ಕೊಳ್ಳುವ ಜೀರೊ ಡೆಪ್ ಇದ್ದರೆ ಅದೂ ಉಳಿಯುತ್ತದೆ. ಆಮೇಲೆ ಪ್ರತಿ ಕ್ಲೇಮ್‌ಗೂ ನಿಮ್ಮ ಪಾಲು ಅಂತ ಇದೆ: 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000. ಪ್ರೀಮಿಯಂ ಕಡಿಮೆಯಾಗಲಿ ಅಂತ ನೀವೇ ವಾಲಂಟರಿ ಮೊತ್ತ ಒಪ್ಪಿಕೊಂಡಿದ್ದರೆ ಅದೂ ಸೇರುತ್ತದೆ.

ಇಷ್ಟರವರೆಗೆ ಎಲ್ಲರೂ ಲೆಕ್ಕ ಹಾಕುತ್ತಾರೆ. ಎಡವುವುದು ನೋ ಕ್ಲೇಮ್ ಬೋನಸ್‌ನಲ್ಲಿ, ಅಂದರೆ ಎನ್‌ಸಿಬಿಯಲ್ಲಿ. ಕ್ಲೇಮ್ ಇಲ್ಲದೆ ವರ್ಷ ಕಳೆದಂತೆ ಓಡಿ ಪ್ರೀಮಿಯಂ ಮೇಲೆ 20, 25, 35, 45, ಕೊನೆಗೆ 50 ಶೇಕಡಾ ರಿಯಾಯಿತಿ ಸಿಗುತ್ತದೆ. ಒಂದು ಸಣ್ಣ ಕ್ಲೇಮ್ ಮಾಡಿದರೂ ಮುಂದಿನ ರಿನ್ಯೂವಲ್‌ಗೆ ಅದು ಸೊನ್ನೆ. "ಒಂದು ವರ್ಷ ಹೋಗುತ್ತದೆ ಅಷ್ಟೇ" ಅಂದುಕೊಳ್ಳುತ್ತಾರೆ. ಹಾಗಲ್ಲ. 50ರಲ್ಲಿದ್ದವರು ಸೊನ್ನೆಗೆ ಬಿದ್ದು ಮತ್ತೆ 20, 25, 35, 45 ಹತ್ತಿ 50ಕ್ಕೆ ಬರುವಷ್ಟರಲ್ಲಿ ಕಳೆದುಕೊಳ್ಳುವುದು 50, 30, 25, 15, 5. ಕೂಡಿಸಿ ನೋಡಿ, 125. ಅಂದರೆ ಒಂದು ವರ್ಷದ ಓಡಿ ಪ್ರೀಮಿಯಂನ ಒಂದೂಕಾಲು ಪಟ್ಟು! ಈಗ 20ರಲ್ಲಿರುವವರು ಕ್ಲೇಮ್ ಇಲ್ಲದಿದ್ದರೆ ಮೇಲೇರುತ್ತಿದ್ದರು, ಅದಕ್ಕೆ ಹೋಲಿಸಿದರೆ ಅವರಿಗೆ ಇದು ಶೇಕಡಾ 80, ಮೊದಲ ವರ್ಷದ ಹೊಸ ಕಾರಿಗೆ 50. ಇದರ ಮೇಲೆ 18 ಶೇಕಡಾ ಜಿಎಸ್‌ಟಿ ಬೇರೆ.

ಒಂದು ಹಳೆ ಸಣ್ಣ ಕಾರು ಅಂದುಕೊಳ್ಳಿ. ಬೋನಸ್ ಕಳೆಯುವ ಮುಂಚಿನ ಓಡಿ 6,000, ಬೋನಸ್ 50. ಬಾಗಿಲ ಗಾಜು, ಕೂಲಿ ಎಲ್ಲಾ ಸೇರಿ ಬಿಲ್ಲು 3,000. ಕಂಪನಿಯಿಂದ ಬರುವುದು ಹೆಚ್ಚೆಂದರೆ 2,000. ಹೋಗುವುದು 6,000ದ 125 ಶೇಕಡಾ, 7,500. ಜಿಎಸ್‌ಟಿ ಸೇರಿಸಿದರೆ 8,850. ಕಾರಿನ ಬೆಲೆ ಇಳಿದಂತೆ ಪ್ರೀಮಿಯಂ ಕೂಡ ಇಳಿಯಬಹುದು, ಅದಕ್ಕೆ ಒಂದು ಸಾವಿರ ಎರಡು ಸಾವಿರ ಬಿಡಿ. ಆಗಲೂ ಕೈಯಿಂದ ಕೊಡುವುದೇ ಲಾಭ. ಇನ್ನೊಂದು ಕಡೆ, ಮೊದಲ ವರ್ಷದ ಹೊಸ ಕಾರು, ಮುಂಗಾಜಿನ ಹಿಂದೆ ಕ್ಯಾಮೆರಾ. ಗಾಜು ಬದಲಿಸಿದ ಮೇಲೆ ಆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು, ಅದಕ್ಕೂ ದುಡ್ಡು. ಎಸ್ಟಿಮೇಟ್ 30,000, ಓಡಿ 12,000 ಅಂತಿಟ್ಟುಕೊಂಡರೆ ಹೋಗುವ ಬೋನಸ್ ಜಿಎಸ್‌ಟಿ ಸೇರಿ 7,080 ಮಾತ್ರ. ಇಲ್ಲಿ ಕ್ಲೇಮ್ ಮಾಡದಿದ್ದರೆ ಸುಮ್ನೆ ನಷ್ಟ.

ನಿಮ್ಮ ಓಡಿ ಎಷ್ಟು ಅಂತ ಪಾಲಿಸಿಯ ಪ್ರೀಮಿಯಂ ಪಟ್ಟಿಯಲ್ಲೇ ಇರುತ್ತದೆ. ನೋ ಕ್ಲೇಮ್ ಬೋನಸ್ ಕಳೆದಿರುವ ಸಾಲಿನ ಮೇಲಿನ ಅಂಕಿ ತಗೊಳ್ಳಿ. ಥರ್ಡ್ ಪಾರ್ಟಿ ಮೊತ್ತ ಸೇರಿಸಬೇಡಿ, ಕ್ಲೇಮ್‌ನಿಂದ ಅದು ಬದಲಾಗುವುದಿಲ್ಲ.

ಈ ಲೆಕ್ಕವನ್ನೇ ತಿರುಗಿಸುವ ಸಂಗತಿಗಳೂ ಇವೆ. ಕ್ಲೇಮ್ ಮಾಡಿದರೂ ಬೋನಸ್ ಉಳಿಸುವ ಎನ್‌ಸಿಬಿ ಪ್ರೊಟೆಕ್ಷನ್ ತಗೊಂಡಿದ್ದರೆ ಧೈರ್ಯವಾಗಿ ಕ್ಲೇಮ್ ಮಾಡಿ, ಎಷ್ಟು ಸಲ ಅನ್ನುವ ಮಿತಿ ಮಾತ್ರ ಓದಿಕೊಳ್ಳಿ. ಈ ಪಾಲಿಸಿ ವರ್ಷದಲ್ಲಿ ಆಗಲೇ ಒಂದು ಕ್ಲೇಮ್ ಆಗಿದ್ದರೆ ಬೋನಸ್ ಹೇಗೂ ಹೋಗಿದೆ, ಗಾಜಿನದ್ದೂ ಸಾಮಾನ್ಯವಾಗಿ ಮಾಡಬಹುದು. ಒಂದೇ ಘಟನೆಯಲ್ಲಿ ಬಾಗಿಲೂ ನೆಗ್ಗಿದ್ದರೆ ಎರಡನ್ನೂ ಒಂದೇ ಕ್ಲೇಮ್‌ನಲ್ಲಿ ಹಾಕಿ. ಆದರೆ ಹಳೆಯ ಗೀರನ್ನು ಅದರ ಜೊತೆ ಸೇರಿಸಬೇಡಿ. ಹಾನಿ ನೋಡಲು ಬರುವ ಸರ್ವೇಯರ್‌ಗೆ ಗೊತ್ತಾಗುತ್ತದೆ, ನ್ಯಾಯದ ಕ್ಲೇಮೂ ಸಿಕ್ಕಿಹಾಕಿಕೊಳ್ಳುತ್ತದೆ.

ಸದ್ಯದಲ್ಲೇ ಕಾರು ಬದಲಿಸುವವರು ಇನ್ನೂ ಜಾಸ್ತಿ ಯೋಚಿಸಬೇಕು. ಬೋನಸ್ ಇರುವುದು ಮಾಲೀಕರ ಹೆಸರಿಗೆ, ಕಾರಿಗಲ್ಲ. ಹಳೆ ಕಾರು ಮಾರಿ ಎನ್‌ಸಿಬಿ ಪತ್ರ ತಗೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಹೊಸ ಕಾರಿನ ಓಡಿ 20,000 ಇದ್ದರೆ 50 ಶೇಕಡಾ ಅಂದರೆ 10,000 ಉಳಿತಾಯ. ಮೂರು ಸಾವಿರದ ಗಾಜಿಗಾಗಿ ಅದನ್ನು ಬಿಟ್ಟುಕೊಡಬೇಡಿ ದಯವಿಟ್ಟು. ಕ್ಲೇಮ್ ಮಾಡಿ, ಬೇರೆ ಕಂಪನಿಗೆ ಹೋಗಿ "ಕ್ಲೇಮ್ ಇಲ್ಲ" ಅಂತ ಬರೆಯುವುದಂತೂ ಬೇಡವೇ ಬೇಡ. ಸುಳ್ಳು ಹೊರಬಿದ್ದರೆ ದೊಡ್ಡ ಅಪಘಾತವಾದಾಗ ಓಡಿ ಹಣವೇ ಸಿಗದೆ ಹೋಗಬಹುದು.

ಗಾಜು ಒಡೆದು ಒಳಗಿನ ಲ್ಯಾಪ್‌ಟಾಪ್ ಕದ್ದಿದ್ದರೆ ಪೊಲೀಸ್ ದೂರು ಕೊಡಿ. ಕಾರು ವಿಮೆ ಗಾಜಿಗೆ ಕೊಡುತ್ತದೆ. ಲ್ಯಾಪ್‌ಟಾಪ್‌ಗೆ ಕೊಡುವುದಿಲ್ಲ, ವೈಯಕ್ತಿಕ ವಸ್ತುಗಳ ಆಡ್ ಆನ್ ಇದ್ದರೆ ಮಾತ್ರ ಅದರ ನಿಯಮದಂತೆ ಸಿಗುತ್ತದೆ.

ಕ್ಲೇಮ್ ಮಾಡುವುದೇ ಅಂತ ತೀರ್ಮಾನವಾದರೆ ರಿಪೇರಿಗೆ ಕೈ ಹಾಕುವ ಮೊದಲೇ ಕಂಪನಿಗೆ ತಿಳಿಸಿ, ಕ್ಲೇಮ್ ನಂಬರ್ ಬರೆದಿಟ್ಟುಕೊಳ್ಳಿ. ಅವರು ನೋಡುವ ಮುಂಚೆ ಗಾಜು ಹಾಕಿಸಿದರೆ ಹಣ ಸಿಗುವುದು ಕಷ್ಟ. ಕ್ಯಾಶ್‌ಲೆಸ್ ಗ್ಯಾರೇಜಾದರೆ ನಿಮ್ಮ ಪಾಲು ಮಾತ್ರ ಕಟ್ಟುತ್ತೀರಿ, ಬೇರೆ ಕಡೆಯಾದರೆ ಬಿಲ್ಲು ಕೊಟ್ಟು ಆಮೇಲೆ ಪಡೆಯಬೇಕು. ಕಡಿಮೆ ಕೊಟ್ಟರೆ, ಸುಮ್ಮನೆ ತಿರಸ್ಕರಿಸಿದರೆ, ಕಾರಣವನ್ನು ಬರಹದಲ್ಲಿ ಕೇಳಿ. ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಹೋಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ (ಇನ್ಶೂರೆನ್ಸ್ ಆಂಬುಡ್ಸ್‌ಮನ್) ದೂರು ಕೊಡಬಹುದು. ಅದಕ್ಕೆ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ.