ಓಬಿಡಿ ಗೇಜ್: ಮೊದಲ ಎರಡು ವಾರ ಬರೆದಿಡಿ, ಆಮೇಲೆ ಅಲಾರಂ ಇಡಿ

ಡ್ಯಾಶ್‌ಬೋರ್ಡ್ ಮೇಲೆ ಓಬಿಡಿ ಗೇಜ್, ಅಂದರೆ ಗಾಡಿಯ ಕಂಪ್ಯೂಟರಿನಿಂದ ಎಂಜಿನ್‌ನ ಅಂಕಿಗಳನ್ನು ತಂದು ತೋರಿಸುವ ಪುಟ್ಟ ಪರದೆ, ಇಟ್ಟುಕೊಂಡವರ ಗಾಡಿ ಹತ್ತಿದಾಗ ನಾನು ಕೇಳುವ ಪ್ರಶ್ನೆ ಒಂದೇ. ‘ನಿಮ್ಮ ಎಂಜಿನ್ ಕಾದ ಮೇಲೆ ದಿನಾ ಎಷ್ಟು ಡಿಗ್ರಿಯಲ್ಲಿ ನಿಲ್ಲುತ್ತೆ?’ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಅಂಕಿಗಳು ಸುಮ್ನೆ ಓಡುತ್ತಿರುತ್ತವೆ. ಅಲಾರಂ ಡಬ್ಬದಿಂದ ಬಂದಾಗ ಎಲ್ಲಿತ್ತೋ ಅಲ್ಲೇ ಇರುತ್ತದೆ. ಎಂಜಿನ್ ಅತಿಯಾಗಿ ಕಾದು ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗಕ್ಕೂ ಬ್ಲಾಕಿಗೂ ನಡುವಿನ ಸೀಲ್) ಹೋದ ದಿನವೂ ಗೇಜ್ ಕಣ್ಣೆದುರೇ ಇತ್ತು ಎಂದು ಹೇಳಿದವರನ್ನು ನೋಡಿದ್ದೇನೆ.

ಕೂರಿಸುವುದು ಸುಲಭ. ಸ್ಟೀರಿಂಗ್ ಕೆಳಗೆ ಕೈಹಾಕಿದರೆ 16 ಪಿನ್‌ನ ಪೋರ್ಟ್ ಸಿಗುತ್ತದೆ, ಪ್ಲಗ್ ಚುಚ್ಚಿ, ಕೀಲಿ ತಿರುಗಿಸಿ, ಅಷ್ಟೇ. ಗಾಡಿ ಹಳೆಯದಾದರೆ ಮಾತ್ರ ಸ್ವಲ್ಪ ವಿಚಾರಿಸಿ. ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ, ಡೀಸೆಲ್‌ಗೆ 2004ರಿಂದ ಓಬಿಡಿ, ಅಂದರೆ ಗಾಡಿ ತನ್ನ ದೋಷವನ್ನು ತಾನೇ ಪತ್ತೆ ಹಚ್ಚುವ ವ್ಯವಸ್ಥೆ, ಕಡ್ಡಾಯವಾಯಿತು. ಅದಕ್ಕೂ ಹಳೆಯ ಗಾಡಿಯಲ್ಲಿ ಪೋರ್ಟ್ ಇದ್ದರೂ ಗೇಜ್‌ಗೆ ಉತ್ತರ ಬರುತ್ತದೆ ಅನ್ನುವಂತಿಲ್ಲ. ವೈರನ್ನು ಪೆಡಲ್‌ಗಳ ಹತ್ತಿರ ನೇತಾಡಲು ಬಿಡಲೇಬೇಡಿ, ಬ್ರೇಕ್ ಒತ್ತುವಾಗ ಕಾಲಿಗೆ ಸಿಕ್ಕಿಕೊಂಡರೆ ಕಷ್ಟ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದಲ್ಲಿ ಗೇಜ್ ಅಂಟಿಸಬೇಡಿ.

ಕೊಳ್ಳುವಾಗ ಒಂದು ಎಚ್ಚರಿಕೆ. ನೋಡಲು ಥೇಟ್ ಹೀಗೇ ಇರುವ, ಆದರೆ ಜಿಪಿಎಸ್‌ನಿಂದ ವೇಗ ಮಾತ್ರ ತೋರಿಸುವ ಪೆಟ್ಟಿಗೆಗಳಿವೆ. ಅವಕ್ಕೆ ಎಂಜಿನ್ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಫೋನಿಗೆ ಜೋಡಿಸುವ ಅಗ್ಗದ ನಕಲಿ ಅಡಾಪ್ಟರ್‌ಗಳೂ ಬೇಡ, ಅರ್ಧ ಪ್ರಶ್ನೆಗಳಿಗೆ ಉತ್ತರವನ್ನೇ ತರುವುದಿಲ್ಲ, ನಡುವೆ ಸಂಪರ್ಕವೂ ಕಡಿದುಹೋಗುತ್ತದೆ.

ಪರದೆಯಲ್ಲಿ ಎರಡೇ ಅಂಕಿ ದೊಡ್ಡದಾಗಿ ಇಡಿ: ಕೂಲಂಟ್ (ಎಂಜಿನ್ ತಣಿಸುವ ದ್ರವ) ತಾಪ ಮತ್ತು ಬ್ಯಾಟರಿ ವೋಲ್ಟ್. ವೇಗ, ಆರ್‌ಪಿಎಂ ಎರಡೂ ಗಾಡಿಯ ಮೀಟರಿನಲ್ಲೇ ಇವೆ, ಅವಕ್ಕೆ ಇಲ್ಲಿ ಮತ್ತೆ ಜಾಗ ಯಾಕೆ? ಎಂಟು ಅಂಕಿ ತುಂಬಿಸಿದರೆ ಓದಲೂ ಆಗುವುದಿಲ್ಲ. ಗೇಜ್ ಒಂದೊಂದನ್ನೂ ಕೇಳಿ ಕೇಳಿ ತರಬೇಕಾಗುವುದರಿಂದ ಹಳೆಯ ಗಾಡಿಗಳಲ್ಲಿ ಎಲ್ಲವೂ ನಿಧಾನವಾಗುತ್ತದೆ.

ಇನ್ನು ಮುಖ್ಯ ಕೆಲಸ. ನಿಮ್ಮ ಗಾಡಿಯ ‘ಸಾಮಾನ್ಯ’ ಯಾವುದು ಎಂದು ಕಂಡುಕೊಳ್ಳಬೇಕು. ಕಂಪನಿ ಕೊಟ್ಟ ತಾಪದ ಮುಳ್ಳನ್ನು ನಂಬಿ ಕೂರುವಂತಿಲ್ಲ, ಯಾಕೆಂದರೆ ಹಲವು ಗಾಡಿಗಳಲ್ಲಿ ಕೂಲಂಟ್ 85 ಇದ್ದರೂ 100 ಇದ್ದರೂ ಆ ಮುಳ್ಳು ಅಲುಗಾಡದೆ ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಅದು ಮೇಲೇಳುವ ಹೊತ್ತಿಗೆ ತಡವಾಗಿರುತ್ತದೆ. ಒಂದು ಸಣ್ಣ ಪುಸ್ತಕ ಗಾಡಿಯಲ್ಲಿಡಿ.

ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಕೀಲಿ ಆನ್ ಮಾತ್ರ ಮಾಡಿ, ಕೂಲಂಟ್ ತಾಪವನ್ನೂ ಒಳಗೆ ಹೋಗುವ ಗಾಳಿಯ ತಾಪವನ್ನೂ ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ತುಂಬಾ ಅಂತರ ಇದ್ದರೆ ಒಂದು ಸೆನ್ಸರ್ ಮೇಲೆ ಅನುಮಾನ ಪಡಿ, ಸೆನ್ಸರೇ ತಪ್ಪು ಹೇಳುತ್ತಿದ್ದರೆ ಮುಂದಿನ ಲೆಕ್ಕವೆಲ್ಲ ದಂಡ. ಆಗಲೇ ವೋಲ್ಟ್ ಸಹ ಬರೆದುಕೊಳ್ಳಿ, ಒಳ್ಳೆಯ ಬ್ಯಾಟರಿ ಸುಮಾರು 12.4ರಿಂದ 12.7 ತೋರಿಸುತ್ತದೆ. ಸ್ಟಾರ್ಟ್ ಆದ ಮೇಲೆ 13.5ರಿಂದ 14.7ರೊಳಗೆ ಬರಬೇಕು. ಹೊಸ ಗಾಡಿಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಕಂಪ್ಯೂಟರೇ ಏರಿಸಿ ಇಳಿಸುತ್ತದೆ, ಹಾಗಾಗಿ ಓಡುವಾಗ ಸ್ವಲ್ಪ ಹೊತ್ತು 12ರ ಆಸುಪಾಸಿಗೆ ಇಳಿದರೆ ಗಾಬರಿ ಬೇಡ. ಇಳಿದದ್ದು ಏಳದಿದ್ದರೆ ಮಾತ್ರ ತೋರಿಸಿ.

ಆಮೇಲೆ ಎರಡು ವಾರ ನಾಲ್ಕು ಸಂದರ್ಭದ ತಾಪ ಬರೆದಿಡಿ. ಖಾಲಿ ರಸ್ತೆಯಲ್ಲಿ 20 ನಿಮಿಷ ಓಡಿಸಿದ ಮೇಲೆ. ಟ್ರಾಫಿಕ್‌ನಲ್ಲಿ ಎಸಿ ಹಾಕಿಕೊಂಡು ನಿಂತಾಗ. ಜನ, ಸಾಮಾನು ತುಂಬಿಕೊಂಡು ಏರು ಹತ್ತುವಾಗ. ಬಿಸಿ ಎಂಜಿನ್ ನಿಲ್ಲಿಸಿ ಹತ್ತು ನಿಮಿಷದ ಮೇಲೆ ಮತ್ತೆ ಸ್ಟಾರ್ಟ್ ಮಾಡಿದಾಗ. ಓಡಿಸುತ್ತಾ ಬರೆಯಬೇಡಿ, ಪಕ್ಕದವರಿಗೆ ಹೇಳಿ. ನಿಂತಾಗ ತಾಪ ಮೆಲ್ಲಗೆ ಏರಿ, ಫ್ಯಾನ್ ತಿರುಗಿದ ಕೂಡಲೇ ಇಳಿಯುವುದು ಕಾಣುತ್ತದೆ, ಅದು ಸರಿಯಾಗಿಯೇ ಇದೆ. 100 ದಾಟಿದ ತಕ್ಷಣ ಕುದಿಯಿತು ಅಂತಲೂ ಅಲ್ಲ. ಕೂಲಂಟ್ ಒತ್ತಡದಲ್ಲಿರುವುದರಿಂದ ಕುದಿಯಲು ಇನ್ನೂ ಸಾಕಷ್ಟು ಜಾಸ್ತಿ ಬಿಸಿ ಬೇಕು.

ಈಗ ಅಲಾರಂ. ಪುಸ್ತಕದಲ್ಲಿರುವ ಅತಿ ದೊಡ್ಡ ಅಂಕಿಗೆ 5 ಸೇರಿಸಿ ಅಲ್ಲಿಗೆ ಇಡಿ. 101 ಕಂಡಿದ್ದರೆ 106. ಕೆಲವು ಗೇಜ್‌ಗಳು 120ಕ್ಕೆ ಇಟ್ಟು ಬರುತ್ತವೆ, ಅದು ತೀರಾ ತಡ. ಇನ್ನು ಕೆಲವು 100ಕ್ಕೇ ಕೂಗುತ್ತವೆ, ದಿನಾ ಕೂಗುವ ಅಲಾರಂನ ಸದ್ದನ್ನೇ ಜನ ಬಂದ್ ಮಾಡಿಬಿಡುತ್ತಾರೆ. ಬೇಸಿಗೆ ಬಂದಾಗ ಮತ್ತೆ ಒಂದೆರಡು ದಿನ ಬರೆದು ಹೋಲಿಸಿ.

ಇಳಿಯುವ ಅಂಕಿಯನ್ನೂ ನೋಡುತ್ತಿರಿ, ಇದನ್ನು ಬಹಳ ಜನ ಮರೆಯುತ್ತಾರೆ. ದಿನಾ 90ರಲ್ಲಿ ನಿಲ್ಲುತ್ತಿದ್ದ ಗಾಡಿ ಖಾಲಿ ರಸ್ತೆಯಲ್ಲಿ 70ಕ್ಕೆ ಜಾರುತ್ತಿದ್ದರೆ ಥರ್ಮೋಸ್ಟಾಟ್ (ರೇಡಿಯೇಟರಿಗೆ ಕೂಲಂಟ್ ಬಿಡುವ ಕವಾಟ) ತೆರೆದೇ ಉಳಿದಿರಬಹುದು. ಆದರೆ ಏರಿದ್ದ ತಾಪ ಇದ್ದಕ್ಕಿದ್ದಂತೆ ದಬಕ್ಕನೆ ಬಿದ್ದರೆ ‘ತಣ್ಣಗಾಯಿತು’ ಅಂದುಕೊಳ್ಳಬೇಡಿ. ಕೂಲಂಟ್ ಸೋರಿಹೋಗಿ ಸೆನ್ಸರ್ ಬರೀ ಗಾಳಿಯಲ್ಲಿ ನಿಂತಿರಬಹುದು. ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ.

ಅಲಾರಂ ಕೂಗಿದಾಗಲೂ ಮೊದಲು ಎಸಿ ಬಂದ್, ಹೀಟರ್ ಪೂರ್ತಿ ಆನ್, ಸುರಕ್ಷಿತ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸುವುದು. ರೇಡಿಯೇಟರ್ ಮುಚ್ಚಳವನ್ನು ಬಿಸಿ ಇರುವಾಗ ಮುಟ್ಟಲೇಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಪೋರ್ಟ್‌ನ 16ನೇ ಪಿನ್‌ಗೆ ಬ್ಯಾಟರಿಯಿಂದ ಸದಾ ಕರೆಂಟ್ ಬರುತ್ತಿರುತ್ತದೆ. ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಗೇಜ್ ಕಿತ್ತಿಡಿ.

ಎಂಜಿನ್ ದೀಪ ಹತ್ತಿ ಗೇಜ್ ಕೋಡ್ ತೋರಿಸಿದರೆ, ಉದಾಹರಣೆಗೆ ಪಿ0128 (ಎಂಜಿನ್ ಸಾಕಷ್ಟು ಕಾಯುತ್ತಿಲ್ಲ) ಅಥವಾ ಪಿ0300 (ಎಂಜಿನ್ ಮಿಸ್‌ಫೈರ್ ಆಗುತ್ತಿದೆ), ಕೂಡಲೇ ಅಳಿಸುವ ಬಟನ್ ಒತ್ತಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಅಳಿಸಿದರೆ ದೋಷ ಬಂದ ಕ್ಷಣದ ತಾಪ, ವೇಗ, ಲೋಡ್ ಎಲ್ಲ ಅದರ ಜೊತೆಗೇ ಹೋಗುತ್ತದೆ. ಗಾಡಿಯ ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಕೋಡನ್ನು ಅದೇ ಪುಸ್ತಕದಲ್ಲಿ ಬರೆದು, ಆಗ ಏರಿನಲ್ಲಿದ್ದಿರೋ ಟ್ರಾಫಿಕ್‌ನಲ್ಲಿದ್ದಿರೋ ಪಕ್ಕದಲ್ಲಿ ಗುರುತು ಹಾಕಿ, ಪುಸ್ತಕದ ಸಮೇತ ಮೆಕ್ಯಾನಿಕ್ ಹತ್ತಿರ ಹೋಗಿ.