ಆಟ ನಿಲ್ಲಿಸಿದ ಫುಟ್ಬಾಲ್ ಆಟಗಾರರು ತರಬೇತಿಗೆ ಇಳಿಯುವಾಗ

ಕೋಲ್ಕತ್ತಾ, ಗೋವಾ ಅಥವಾ ಬೆಂಗಳೂರಿನ ಕ್ಲಬ್‌ಗಳಲ್ಲಿ ಹತ್ತು ಹನ್ನೆರಡು ವರ್ಷ ಆಡಿ ಊರಿಗೆ ಮರಳಿದ ಆಟಗಾರ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲೋ ಉಪ್ಪಳದಲ್ಲೋ ತರಬೇತಿ ಆರಂಭಿಸುತ್ತೇನೆಂದರೆ, ಹೆಸರು ಕೇಳಿಯೇ ಮೊದಲ ವಾರ ಮೈದಾನ ತುಂಬುತ್ತದೆ. ಆ ಮಕ್ಕಳಲ್ಲಿ ಎಷ್ಟು ಮಂದಿ ಮಳೆಗಾಲ ಕಳೆದ ಮೇಲೂ ಉಳಿಯುತ್ತಾರೆ ಎಂಬುದು ಬೇರೆಯೇ ಪ್ರಶ್ನೆ. ನಿಮ್ಮ ಕಾಲಿಗೆ ಗೊತ್ತಿರುವುದನ್ನು ಹತ್ತು ವರ್ಷದ ಮಗುವಿಗೆ ತಿಳಿಯುವ ಮಾತಾಗಿ ಬದಲಿಸಲು ಕಲಿತಷ್ಟೇ ನೀವು ತರಬೇತುದಾರರಾಗುತ್ತೀರಿ, ಮತ್ತು ಆ ಕಲಿಕೆಗೆ ಕನಿಷ್ಠ ಒಂದು ವರ್ಷವನ್ನಾದರೂ ಮೀಸಲಿಡಬೇಕು.

ಪರವಾನಗಿಯ ಕೆಲಸವನ್ನು ಮುಂದೂಡಬೇಡಿ. ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ನಿನ ಡಿ ಲೈಸೆನ್ಸ್‌ನಿಂದ ತೊಡಗಿ, ಏಷ್ಯಾದ ಒಕ್ಕೂಟವಾದ ಎಎಫ್‌ಸಿಯ ಸಿ, ಬಿ, ಎ ಮತ್ತು ಪ್ರೊ ಎಂಬ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಬೇಕಾಗುತ್ತದೆ. ನಡುವೆ ಮೈದಾನದ ಅನುಭವವಿಲ್ಲದೆ ಬರಿಯ ಪ್ರಮಾಣಪತ್ರಗಳನ್ನು ಕೂಡಿಹಾಕುವುದರಿಂದ ಪ್ರಯೋಜನವಿಲ್ಲ. ಮಹೀಂದ್ರಾ ಯುನೈಟೆಡ್ ಕ್ಲಬ್‌ಗೆ ಆಡಿದ್ದ ಖಾಲಿದ್ ಜಮೀಲ್ ಮುಂಬೈಯ ಕ್ಲಬ್ ಒಂದರಲ್ಲಿ ಹಲವು ವರ್ಷ ತರಬೇತಿ ನೀಡಿದ ಬಳಿಕವೇ 2016–17ರಲ್ಲಿ ಐಜಾಲ್ ತಂಡಕ್ಕೆ ರಾಷ್ಟ್ರಮಟ್ಟದ ಕ್ಲಬ್ ಟೂರ್ನಿಯಾದ ಐ-ಲೀಗ್ ಪ್ರಶಸ್ತಿ ಗೆಲ್ಲಿಸಿಕೊಟ್ಟರು. ಭಾರತ ತಂಡದ ಮುಖ್ಯ ತರಬೇತುದಾರರಾದದ್ದು 2025ರಲ್ಲಿ.

ಇನ್ನು ಕಲಿಸುವ ವಿಷಯ. ನಮ್ಮ ಜಿಲ್ಲೆಯ ತೃಕ್ಕರಿಪುರದ ಮೊಹಮ್ಮದ್ ರಫಿ 2016ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರವಾಗಿ ತಲೆಯಿಂದ ಹೊಡೆದ ಗೋಲನ್ನು ಇಲ್ಲಿನ ಎಷ್ಟೋ ಮಂದಿ ಇಂದಿಗೂ ನೆನೆಯುತ್ತಾರೆ. ಅಂಥದೊಂದು ಹೆಡ್ಡಿಂಗ್ ಕಲಿಸಬೇಕಾದಾಗ ‘ಇನ್ನೂ ಎತ್ತರಕ್ಕೆ ಹಾರು’ ಎಂದು ಕೂಗುವುದು ಆಟಗಾರನ ಅಭ್ಯಾಸ. ಓಟ ಯಾವ ಕ್ಷಣದಲ್ಲಿ ಶುರುವಾಗಬೇಕು, ನೆಲವನ್ನು ಯಾವ ಕಾಲಿನಿಂದ ಒದ್ದು ಮೇಲೇಳಬೇಕು, ಕಣ್ಣು ಎಲ್ಲಿಯವರೆಗೆ ಚೆಂಡಿನ ಮೇಲಿರಬೇಕು ಎಂದು ಬಿಡಿಸಿ, ಒಂದು ದಿನಕ್ಕೆ ಅದರಲ್ಲಿ ಒಂದನ್ನೇ ಹೇಳುವುದು ತರಬೇತುದಾರನ ಕೆಲಸ. ಮೈದಾನಕ್ಕೆ ಹೋಗುವ ಮುನ್ನ ನಿಮ್ಮದೇ ಚಲನೆಯನ್ನು ಹೀಗೆ ಬಿಡಿಸಿ ಪುಸ್ತಕದಲ್ಲಿ ಬರೆದುಕೊಳ್ಳಿ. ಎಷ್ಟೋ ವರ್ಷ ಯೋಚಿಸದೆ ಮಾಡಿದ್ದನ್ನು ಬರೆಯುವುದು ಎಷ್ಟು ಕಷ್ಟವೆಂದು ಆಗ ತಿಳಿಯುತ್ತದೆ. ಅಂದಹಾಗೆ ಚಿಕ್ಕ ಮಕ್ಕಳಿಂದ ಹೆಡ್ಡಿಂಗ್ ಮಾಡಿಸಲೇಬೇಡಿ. ಅಮೆರಿಕದ ಫುಟ್ಬಾಲ್ ಸಂಸ್ಥೆಯು ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಅದನ್ನು ನಿಷೇಧಿಸಿರುವುದು ಮೆದುಳಿನ ರಕ್ಷಣೆಗಾಗಿಯೇ.

ಗಡಿನಾಡಿನ ತರಬೇತುದಾರರಿಗೆ ಭಾಷೆಯ ಹೊಣೆ ಬೇರೆಯವರಿಗಿಂತ ದೊಡ್ಡದು. ಒಂದೇ ಸಾಲಿನಲ್ಲಿ ನಿಂತ ಮಕ್ಕಳ ಮನೆಮಾತು ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಂದು ಬೇರೆಬೇರೆ ಇರುವಾಗ, ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ಹಿಂದಕ್ಕೆ ಕಣ್ಣು ಹಾಯಿಸಬೇಕೆಂಬ ಸರಳ ಸೂಚನೆಯೂ ಉದ್ದವಾದರೆ ಯಾರಿಗೂ ತಲುಪುವುದಿಲ್ಲ. ‘ನೋಡು’, ‘ತೂಲ’, ‘ನೋಕ್ಕ್’ ಇವುಗಳಲ್ಲಿ ಯಾವುದನ್ನು ಬಳಸಬೇಕೆಂದು ಮಕ್ಕಳೇ ಸೇರಿ ಗೊತ್ತುಮಾಡಲಿ, ಅನಂತರ ಇಡೀ ತಂಡ ಅದೊಂದೇ ಪದವನ್ನು ಕೂಗಲಿ. ಮಲಯಾಳವನ್ನು ಸರಾಗವಾಗಿ ಆಡುವ ಹುಡುಗರ ನಡುವೆ ಕನ್ನಡ ಶಾಲೆಯ ಮಗುವೊಂದು ಅರ್ಥವಾಗದೆ ತಲೆಯಾಡಿಸುತ್ತಿರುವುದನ್ನು ಗಮನಿಸದ ತರಬೇತುದಾರ, ಆ ಮಗುವಿಗೆ ಆಟ ಬರುವುದಿಲ್ಲವೆಂದು ತಪ್ಪಾಗಿ ತಿಳಿಯುತ್ತಾನೆ. ಅಂಥ ತಪ್ಪು ನನ್ನಿಂದಲೂ ಆಗಿದೆ, ಆ ಮಗು ಮತ್ತೆ ಮೈದಾನಕ್ಕೆ ಬರಲಿಲ್ಲ ಎಂಬುದು ಈಗಲೂ ನನ್ನನ್ನು ಕಾಡುತ್ತದೆ.

ಚಿಕ್ಕ ಮೈದಾನದಲ್ಲಿ ತಂಡಕ್ಕೆ ಏಳು ಮಂದಿಯಂತೆ ಆಡುವ ಮಲಬಾರಿನ ಸೆವೆನ್ಸ್ ಪಂದ್ಯಗಳನ್ನು ನೋಡಿಯೇ ಬೆಳೆದ ಮಕ್ಕಳಿಗೆ ಇಕ್ಕಟ್ಟಿನಲ್ಲಿ ಚೆಂಡನ್ನು ಕಾಪಾಡುವ ಕೌಶಲ ತಾನಾಗಿಯೇ ಬಂದಿರುತ್ತದೆ. ಅದನ್ನು ಅಳಿಸಬೇಡಿ. ಆದರೆ ಅಂತರರಾಷ್ಟ್ರೀಯ ಪಂದ್ಯದ ಮೈದಾನ 100ರಿಂದ 110 ಮೀಟರ್ ಉದ್ದವಿರುವುದರಿಂದ, ಎಲ್ಲರೂ ಚೆಂಡಿನತ್ತ ಓಡುವ ಅಭ್ಯಾಸ ಹನ್ನೊಂದು ಮಂದಿಯ ಆಟದಲ್ಲಿ ನಡೆಯುವುದಿಲ್ಲ. ಚೆಂಡಿನಿಂದ ದೂರವಿರುವಾಗ ಎಲ್ಲಿ ನಿಲ್ಲಬೇಕೆಂಬುದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಮೈದಾನ ಕೆಸರಾಗಿರುವ ದಿನಗಳಲ್ಲಿ, ಶಾಲೆಯ ಜಗಲಿಯ ಮೇಲೆ ಅಡಿಕೆಗಳನ್ನು ಇಟ್ಟು ಸರಿಸುತ್ತಾ ಕಲಿಸಬಹುದು. ನನ್ನ ಅನುಭವದಲ್ಲಿ ಬಿಳಿಹಲಗೆಗಿಂತ ಇದು ಬೇಗ ಮನಸ್ಸಿಗೆ ಹತ್ತುತ್ತದೆ.

ಎಂಟು ವರ್ಷದೊಳಗಿನವರಿಗೆ 3ನೇ ಅಳತೆಯ ಚೆಂಡು, ಹನ್ನೆರಡರವರೆಗೆ 4, ಅನಂತರ 5 ಇರಲಿ. ಹದಿನಾಲ್ಕು ದಾಟಿದವರಿಗೆ ಅಭ್ಯಾಸದ ಆರಂಭದಲ್ಲಿ ಫಿಫಾ 11+ ಎಂಬ ಸುಮಾರು 20 ನಿಮಿಷಗಳ ವ್ಯಾಯಾಮವನ್ನು ಮಾಡಿಸಿ. ಸ್ವತಃ ಮೊಣಕಾಲಿನ ಗಾಯದಿಂದ ಆಟ ಬಿಟ್ಟವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ 2012ರ ಪೋಕ್ಸೋ ಕಾಯಿದೆಯಂತೆ ಪೊಲೀಸರಿಗೆ ತಿಳಿಸುವುದು ನಿಮ್ಮ ಕಡ್ಡಾಯ ಕರ್ತವ್ಯ. ಪ್ರಯಾಣದಲ್ಲಿ, ಬಟ್ಟೆ ಬದಲಿಸುವ ಕೋಣೆಯಲ್ಲಿ ಮಗುವಿನೊಡನೆ ಹಿರಿಯರೊಬ್ಬರೇ ಇರದಂತೆ ಮೊದಲ ದಿನವೇ ಕ್ರಮವನ್ನು ಗೊತ್ತುಪಡಿಸಿ, ತಾಯಿತಂದೆಯರಿಗೆ ಅದನ್ನು ತಿಳಿಸಿ.

ಮೊದಲ ಪಂದ್ಯದ ದಿನ ಗೆರೆಯಾಚೆ ನಿಂತಿರುವುದು ನಿಮಗೆ ಬಹಳ ಕಷ್ಟವೆನಿಸುತ್ತದೆ. ಪ್ರತಿ ಪಾಸನ್ನೂ ಹೊರಗಿನಿಂದ ಕೂಗಿ ಹೇಳಿದರೆ ಮಕ್ಕಳು ಮೈದಾನವನ್ನು ಬಿಟ್ಟು ನಿಮ್ಮ ಮುಖವನ್ನು ನೋಡತೊಡಗುತ್ತಾರೆ. ಕಂಡದ್ದನ್ನು ಬರೆದುಕೊಳ್ಳಿ, ವಿರಾಮದಲ್ಲಿ ಮಕ್ಕಳು ನೀರು ಕುಡಿದು ಉಸಿರು ಸುಧಾರಿಸಿಕೊಂಡ ಮೇಲೆ ಒಂದೇ ವಿಷಯವನ್ನು ಹೇಳಿ, ಉಳಿದದ್ದನ್ನು ಮುಂದಿನ ಅಭ್ಯಾಸಕ್ಕೆ ಇಟ್ಟುಕೊಳ್ಳಿ.