ಟಂಬ್ಲರ್‌ನಲ್ಲಿ ಮಾಂಸ ದ್ರಾವಣ ಹೀರದಿದ್ದಾಗ: ನನ್ನ ಅನುಭವ

ನಿರ್ವಾತ ಟಂಬ್ಲರ್‌ನಲ್ಲಿ (ಗಾಳಿ ಹೊರತೆಗೆದ ಡ್ರಮ್ಮಿನಲ್ಲಿ ಮಾಂಸವನ್ನು ಉರುಳಿಸಿ ದ್ರಾವಣ ಹೀರಿಸುವ ಯಂತ್ರ) 100 ಕಿಲೋ ಮಾಂಸಕ್ಕೆ 15 ಕಿಲೋ ಉಪ್ಪು-ಮಸಾಲೆಯ ದ್ರಾವಣ ಸೇರಿಸಿ ತಿರುಗಿಸಿದರೂ, ಅದರಲ್ಲಿ ಅರ್ಧದಷ್ಟು ಡ್ರಮ್ಮಿನ ತಳದಲ್ಲಿ ನೊರೆಯಾಗಿಯೇ ಉಳಿಯುತ್ತಿತ್ತು. ನಾನು ದ್ರಾವಣವನ್ನೇ ಅನುಮಾನಿಸಿ, ಉಪ್ಪಿನ ಪ್ರಮಾಣವನ್ನು ಬದಲಿಸುತ್ತ ಒಂದು ವಾರ ಕಳೆದದ್ದು ಶುದ್ಧ ದಂಡ.

ನಿಜವಾದ ಸುಳಿವು ಇದ್ದದ್ದು ಆ ನೊರೆಯಲ್ಲಿ. ಡ್ರಮ್ಮಿನೊಳಗೆ ಗಾಳಿ ಉಳಿದಿದ್ದರೆ, ಮಾಂಸದಿಂದ ಹೊರಬರುವ ಪ್ರೋಟೀನಿನೊಂದಿಗೆ ಅದು ಮೊಸರು ಕಡೆದಂತೆ ಕಡೆದು ನೊರೆಯಾಗುತ್ತದೆ. ಖಾಲಿ ಡ್ರಮ್ಮಿನಲ್ಲಿ ಪಂಪ್ ಓಡಿಸಿ, ಕವಾಟ ಮುಚ್ಚಿ ನಿರ್ವಾತ ಮಾಪಕದ ಮುಂದೆ ನಿಂತಾಗ, ಅದರ ಮುಳ್ಳು ಹತ್ತೇ ನಿಮಿಷಗಳಲ್ಲಿ ಸೊನ್ನೆಯ ಕಡೆಗೆ ಜಾರಿತು, ಅಂದರೆ ಎಲ್ಲಿಂದಲೋ ಗಾಳಿ ಒಳಸೇರುತ್ತಿತ್ತು. ಮುಚ್ಚಳದ ಸಂದಿನಲ್ಲಿ ಗಾಳಿ ತಡೆಯುವ ರಬ್ಬರ್ ಗ್ಯಾಸ್ಕೆಟ್‌ನ ಮೇಲೆ ಒಣಗಿದ ಮಸಾಲೆಯ ಪದರವಿತ್ತು. ಅದನ್ನು ಕೆರೆದಾಗ ಉಗುರು ಸಿಕ್ಕಿಕೊಳ್ಳುವಷ್ಟು ಸೀಳು ಕಂಡಿತು. ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಮುಳ್ಳು ಅಲುಗಲಿಲ್ಲ.

ಆದರೂ ಕೆಲವು ತುಂಡುಗಳು ಪೇಲವವಾಗಿಯೇ ಉಳಿದವು. ಡ್ರಮ್ಮನ್ನು ಕಂಠಮಟ್ಟ ತುಂಬುತ್ತಿದ್ದುದರಿಂದ ಮಾಂಸವು ಒಳಗಿನ ಅಡ್ಡಪಟ್ಟಿಗಳಿಂದ ಮೇಲೇರಿ ಬೀಳಲು ಜಾಗವೇ ಇರಲಿಲ್ಲ. ಈಗ ಸುಮಾರು 60 ಶೇಕಡಾದಷ್ಟು ಮಾತ್ರ ತುಂಬುತ್ತೇನೆ. ತಿರುಗುವಿಕೆಯ ಘರ್ಷಣೆ ಮಾಂಸವನ್ನು ಬಿಸಿಯಾಗಿಸುವುದರಿಂದ ಮಾಂಸ, ದ್ರಾವಣಗಳೆರಡನ್ನೂ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿಸಿಯೇ ಹಾಕುತ್ತೇನೆ.

ಹೊಸ ಯಂತ್ರ ಕೊಳ್ಳುವವರು ಲೀಟರ್ ಸಾಮರ್ಥ್ಯಕ್ಕೆ ಮರುಳಾಗದೆ, ವೇಗವನ್ನು ತಗ್ಗಿಸಲು ಬರುತ್ತದೆಯೇ, ಗ್ಯಾಸ್ಕೆಟ್ ಬಿಡಿಯಾಗಿ ಸಿಗುತ್ತದೆಯೇ, ಒಳಗಿನ ಬೆಸುಗೆಗಳು ತೊಳೆಯಲು ಬರುವಂತೆ ನಯವಾಗಿವೆಯೇ ಎಂಬುದನ್ನು ಮೊದಲು ನೋಡಬೇಕು. ಪ್ರತಿ ಸರದಿಯ ಮೊದಲೂ ನಂತರವೂ ಮಾಂಸವನ್ನು ತೂಗಿ ಬರೆದಿಡುತ್ತಿದ್ದರೆ ನನ್ನ ಆ ಒಂದು ವಾರ ಉಳಿಯುತ್ತಿತ್ತು.